ಮಳೆಗಾಲಕ್ಕೆ ಶೆಡ್ ಸೇರಿದ ಮೋಟಾರ್‌ಹೋಮ್: ಪ್ಲಗ್ ಹಾಕಿಯೇ ಇಟ್ಟರೆ ಕರೆಂಟ್ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಮೃಗಶಿರ ಮಳೆ ಹಿಡಿಯಿತೆಂದರೆ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮೋಟಾರ್‌ಹೋಮ್ (ಒಳಗೇ ಮನೆಯಿರುವ ಗಾಡಿ) ಇಟ್ಟುಕೊಂಡವರು ಗಾಡಿಯನ್ನು ಶೆಡ್ಡಿಗೆ ಸೇರಿಸಿ, ಮನೆಯಿಂದ ಒಂದು ವೈರ್ ಎಳೆದು ಚುಚ್ಚಿ, ದಸರಾ ತನಕ ಅತ್ತ ತಲೆ ಹಾಕುವುದಿಲ್ಲ. ಕರೆಂಟ್ ಬಿಲ್ ಬಂದಾಗ ಪ್ರಶ್ನೆಗಳು ಶುರುವಾಗುತ್ತವೆ. ಕೆಳಗಿನ ಲೆಕ್ಕಗಳಲ್ಲಿ ತಿಂಗಳಿಗೆ 30 ದಿನ, ತೆರಿಗೆ ಮತ್ತು ಸರ್‌ಚಾರ್ಜ್ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದಿದ್ದೇವೆ. ನಿಮ್ಮ ಮೆಸ್ಕಾಂ ಬಿಲ್ಲಿನಲ್ಲಿ ಇರುವ ದರವನ್ನು ಆ ಜಾಗಕ್ಕೆ ಹಾಕಿಕೊಳ್ಳಿ.

ನೇರವಾಗಿ ಹೇಳಿ, ತಿಂಗಳಿಗೆ ಎಷ್ಟು ಯೂನಿಟ್ ಓಡುತ್ತದೆ?

ಒಳಗೆ ಏನೇನು ಆನ್ ಇದೆ ಎಂಬುದರ ಮೇಲೆ ಹೋಗುತ್ತದೆ. ಬರೀ ಬ್ಯಾಟರಿ ಚಾರ್ಜರ್ ಇದ್ದರೆ 3ರಿಂದ 8 ಯೂನಿಟ್. ಚಾರ್ಜರ್ ಜೊತೆ ಇನ್ವರ್ಟರ್, ಟಿವಿ, ಸೆಟ್‌ಟಾಪ್ ಬಾಕ್ಸ್ ಎಲ್ಲ ಸ್ಟ್ಯಾಂಡ್‌ಬೈಯಲ್ಲಿದ್ದರೆ 30ರಿಂದ 45. ತೇವ ಹೀರಲು ಡಿಹ್ಯುಮಿಡಿಫೈಯರ್ ಸೇರಿಸಿದರೆ ಅದೊಂದೇ 50-60. ಫ್ರಿಜ್ಜನ್ನೂ ಆರಿಸದೆ ಬಿಟ್ಟಿದ್ದರೆ ಒಟ್ಟು 150 ದಾಟುವುದು ಕಷ್ಟವೇನಲ್ಲ.

ಬಾಯಿಲೆಕ್ಕಕ್ಕೆ ಒಂದು ಸೂತ್ರ: ಹಗಲು ರಾತ್ರಿ ಓಡುವ ಯಾವುದೇ ಸಾಮಾನಿನ ವ್ಯಾಟನ್ನು 0.72ರಿಂದ ಗುಣಿಸಿದರೆ ತಿಂಗಳ ಯೂನಿಟ್ ಸಿಗುತ್ತದೆ. 10 ವ್ಯಾಟ್ ಎಂದರೆ 7.2 ಯೂನಿಟ್, 50 ರೂಪಾಯಿ. 50 ವ್ಯಾಟ್ ಎಂದರೆ 36 ಯೂನಿಟ್, 252 ರೂಪಾಯಿ.

ಬ್ಯಾಟರಿ ಸತ್ತು ಹೋಗಬಾರದು ಎಂದೇ ಪ್ಲಗ್ ಹಾಕುವುದು. ಅದಕ್ಕೆ ಅಷ್ಟೊಂದು ಕರೆಂಟ್ ಬೇಕೇ?

ಬೇಡವೇ ಬೇಡ. 150 ಆಂಪಿಯರ್-ಅವರ್‌ನ ಒಂದು ಟ್ಯೂಬುಲರ್ ಬ್ಯಾಟರಿ ಸುಮ್ಮನೆ ಕೂತಲ್ಲೇ ತಿಂಗಳಿಗೆ ಶೇ. 4-5ರಷ್ಟು ಇಳಿಯುತ್ತದೆ. ಅಂದರೆ 7 ಆಂಪಿಯರ್-ಅವರ್ ಆಸುಪಾಸು. ಅದನ್ನು ವಾಪಸ್ ತುಂಬಲು, ಚಾರ್ಜರಿನ ನಷ್ಟವೂ ಸೇರಿ, 0.15 ಯೂನಿಟ್ ಸಾಕು. ಒಂದು ರೂಪಾಯಿಯ ಬಾಬ್ತು. ಸದಾ ಫ್ಲೋಟ್‌ನಲ್ಲಿ (ತುಂಬಿದ ಮೇಲೆ ಕಡಿಮೆ ವೋಲ್ಟಿನಲ್ಲಿ ಕಾಯ್ದುಕೊಳ್ಳುವುದು) ಹಿಡಿದಿಟ್ಟರೂ ಆರೋಗ್ಯವಂತ ಬ್ಯಾಟರಿ ಎಳೆಯುವುದು 2-3 ವ್ಯಾಟ್.

ಬಿಲ್ಲಿನಲ್ಲಿ ಕಾಣುವುದು ಬ್ಯಾಟರಿಯ ಖರ್ಚಲ್ಲ. ಚಾರ್ಜರ್ ತಾನು ಎಚ್ಚರವಾಗಿರಲು ತಿನ್ನುವ ಕರೆಂಟ್, ಪ್ಲಗ್ ಇದೆಯಲ್ಲ ಎಂಬ ಧೈರ್ಯದಲ್ಲಿ ನಾವು ಆರಿಸದೆ ಬಿಟ್ಟ ಸಾಮಾನುಗಳು, ಇವೆರಡರ ಮೇಲೆ ಮಲೆನಾಡಿನ ಥಂಡಿ, ಅಂದರೆ ತೇವ, ಓಡಿಸುವ ಖರ್ಚು. ಉಳಿತಾಯ ಮಾಡಬೇಕೆಂದರೆ ಕೈ ಹಾಕಬೇಕಾದದ್ದು ಅಲ್ಲಿಗೆ.

ಆ ಸಾಮಾನುಗಳು ಯಾವುವು? ಯಾವುದು ಎಷ್ಟು ತಿನ್ನುತ್ತದೆ?

ನಿರಂತರ ಆನ್ ಇದ್ದರೆ ಸಾಮಾನ್ಯವಾಗಿ ಕಾಣುವ ಅಂಕಿಗಳು ಇವು:

- ಈಗಿನ ಸ್ಮಾರ್ಟ್ ಚಾರ್ಜರ್, ಬ್ಯಾಟರಿ ತುಂಬಿದ ಮೇಲೆ: 3-10 ವ್ಯಾಟ್
- ಹಳೆಯ ಭಾರದ ಟ್ರಾನ್ಸ್‌ಫಾರ್ಮರ್ ಚಾರ್ಜರ್: 20-40 ವ್ಯಾಟ್. ಮುಟ್ಟಿದರೆ ಸದಾ ಬೆಚ್ಚಗಿರುತ್ತದೆ
- ಪ್ಯೂರ್ ಸೈನ್ ವೇವ್ ಇನ್ವರ್ಟರ್, ಲೋಡ್ ಇಲ್ಲದೆ ಆನ್ ಇದ್ದರೆ: 10-25 ವ್ಯಾಟ್
- ಸೆಟ್‌ಟಾಪ್ ಬಾಕ್ಸ್, ರಿಮೋಟಿನಲ್ಲಿ ಆರಿಸಿದ್ದರೂ: 8-12 ವ್ಯಾಟ್
- ಸ್ಟೆಬಿಲೈಜರ್: 10-20 ವ್ಯಾಟ್
- ಗ್ಯಾಸ್ ಸೋರಿಕೆ ಅಲಾರಂ: 1-3 ವ್ಯಾಟ್
- ಟಿವಿ, ಮೈಕ್ರೋವೇವ್ ಗಡಿಯಾರ, ಯುಎಸ್‌ಬಿ ಸಾಕೆಟ್: ತಲಾ 1-3 ವ್ಯಾಟ್

ಇದರಲ್ಲಿ ಶುದ್ಧ ದಂಡ ಎಂದರೆ ಇನ್ವರ್ಟರ್. ಚಾರ್ಜರ್ ಬ್ಯಾಟರಿಗೆ ತುಂಬುತ್ತದೆ, ಇನ್ವರ್ಟರ್ ಅದೇ ಬ್ಯಾಟರಿಯಿಂದ ಎಳೆದು 230 ವೋಲ್ಟ್ ಮಾಡಿ, ಯಾರೂ ಬಳಸದ ಸಾಕೆಟ್ಟಿನಲ್ಲಿ ನಿಲ್ಲಿಸುತ್ತದೆ. ಎರಡೂ ಕಡೆ ನಷ್ಟ. ಗಾಡಿ ನಿಲ್ಲಿಸಿದ ದಿನವೇ ಇನ್ವರ್ಟರಿನ ಸ್ವಿಚ್ ಆರಿಸಿ. ರಿಮೋಟ್ ಪ್ಯಾನೆಲ್ಲಿನ ಬಟನ್ ಅಲ್ಲ, ಮೈಮೇಲಿನ ಮುಖ್ಯ ಸ್ವಿಚ್ಚನ್ನೇ ಆರಿಸಬೇಕು.

ಸ್ಥಳೀಯವಾಗಿ ವೈರಿಂಗ್ ಮಾಡಿಸಿದ ಗಾಡಿಗಳಲ್ಲಿ ಇನ್ನೊಂದು ಎಡವಟ್ಟು ಸಿಗುತ್ತದೆ. ಚಾರ್ಜರಿನ ಪ್ಲಗ್ಗನ್ನು ಇನ್ವರ್ಟರ್ ಸಾಕೆಟ್ಟಿಗೇ ಕೊಟ್ಟಿರುತ್ತಾರೆ. ಹೊರಗಿನ ಕರೆಂಟ್ ಹೋದ ಕೂಡಲೇ ಬ್ಯಾಟರಿ ತನ್ನನ್ನು ತಾನೇ ಚಾರ್ಜ್ ಮಾಡಿಕೊಳ್ಳಲು ಹೊರಟು, ಬೇಗನೆ ಬರಿದಾಗುತ್ತದೆ. ಪರೀಕ್ಷೆ ಸುಲಭ: ಇನ್ವರ್ಟರ್ ಆನ್ ಮಾಡಿ ಹೊರಗಿನ ಪ್ಲಗ್ ಕೀಳಿ. ಚಾರ್ಜರಿನ ದೀಪ ಉರಿಯುತ್ತಲೇ ಇದ್ದರೆ ಲೈನ್ ತಪ್ಪಾಗಿದೆ.

ನನ್ನ ಗಾಡಿ ಎಷ್ಟು ಎಳೆಯುತ್ತಿದೆ ಎಂದು ಅಳೆಯುವುದು ಹೇಗೆ?

ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಚುಚ್ಚುವ 16 ಆಂಪಿಯರ್ ಎನರ್ಜಿ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಒಂದು ಕ್ಷಣದ ವ್ಯಾಟ್ ನೋಡಿ ತೀರ್ಮಾನಕ್ಕೆ ಬರಬೇಡಿ, ಮೂರು ದಿನ ಬಿಟ್ಟು ಒಟ್ಟು ಯೂನಿಟ್ ನೋಡಿ. ಚಾರ್ಜರ್, ಡಿಹ್ಯುಮಿಡಿಫೈಯರ್ ಎರಡೂ ಏರಿಳಿಯುತ್ತವೆ.

ಅದಿಲ್ಲದಿದ್ದರೆ ಮನೆಯ ಮೀಟರೇ ಸಾಕು. ಮೀಟರಿನ ಮೇಲೆ ಮಿಣುಕುವ ಕೆಂಪು ದೀಪದ ಪಕ್ಕ 3200 ಅಥವಾ 1600 ಎಂಬ ಅಂಕಿ ಇರುತ್ತದೆ. ಒಂದು ಯೂನಿಟ್ಟಿಗೆ ಅಷ್ಟು ಸಲ ಮಿಣುಕುತ್ತದೆ ಎಂದರ್ಥ. ಮನೆಯ ಉಳಿದ ಎಂಸಿಬಿಗಳನ್ನೆಲ್ಲ (ಬೋರ್ಡಿನ ಸಣ್ಣ ಬ್ರೇಕರ್ ಸ್ವಿಚ್ಚುಗಳು) ಇಳಿಸಿ, ಗಾಡಿಯ ಲೈನ್ ಮಾತ್ರ ಬಿಡಿ. ಎರಡು ಮಿಣುಕುಗಳ ನಡುವಿನ ಸೆಕೆಂಡ್ ಎಣಿಸಿ. 3200ರ ಮೀಟರಾದರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿ, ಬಂದದ್ದೇ ವ್ಯಾಟ್. 1600ರದ್ದಾದರೆ 2250ನ್ನು ಭಾಗಿಸಬೇಕು. 3200ರ ಮೀಟರ್ ಇಪ್ಪತ್ತೆರಡೂವರೆ ಸೆಕೆಂಡಿಗೊಮ್ಮೆ ಮಿಣುಕಿದರೆ ಗಾಡಿ 50 ವ್ಯಾಟ್ ತಿನ್ನುತ್ತಿದೆ.

ವೈರನ್ನು ಬಾಯಲ್ಲಿ ಕಚ್ಚಿ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದವರು ಮಾಡುವ ತಪ್ಪು ಎರಡು. ಇಡೀ ಕೇಬಲ್ಲನ್ನು ಬಾಯೊಳಗೆ ಹಾಕಿದರೆ ಫೇಸ್ ಮತ್ತು ನ್ಯೂಟ್ರಲ್ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ಫೇಸ್ ಒಂದನ್ನೇ ಹಿಡಿದರೂ, ಆಂಪಿಯರನ್ನು ವೋಲ್ಟಿನಿಂದ ಗುಣಿಸಿದ್ದು ವ್ಯಾಟ್ ಆಗುವುದಿಲ್ಲ. ಸಣ್ಣ ಚಾರ್ಜರುಗಳ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕಡಿಮೆ ಇರುವುದರಿಂದ ಅಂಕಿ ಹೆಚ್ಚಾಗಿ ಬರುತ್ತದೆ. ಮನೆಯ ಬಿಲ್ ಬರುವುದು ನಿಜವಾದ ಯೂನಿಟ್ಟಿನ ಮೇಲೆ.

ನಮ್ಮದು ಗೃಹಜ್ಯೋತಿ ಮನೆ. ಗಾಡಿಯ ಕರೆಂಟ್ ಪುಕ್ಕಟೆ ತಾನೇ?

ಇಲ್ಲಿಯೇ ಹಲವರು ಮುಗ್ಗರಿಸುವುದು. 2023ರ ಜುಲೈಯಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಸಿಗುವುದಿಲ್ಲ. ಆ ಮನೆಯ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಇಷ್ಟು ಉಚಿತ. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಒಂದು ಮನೆಯ ಸರಾಸರಿ 150 ಎಂದುಕೊಳ್ಳಿ. ಉಚಿತ ಮಿತಿ 165. ಮನೆ ಎಂದಿನಂತೆ 150 ಬಳಸಿ, ಗಾಡಿ 10 ಯೂನಿಟ್ ತಿಂದರೆ ಬಿಲ್ ಸೊನ್ನೆಯೇ. ಗಾಡಿ 40 ತಿಂದರೆ ಒಟ್ಟು 190. 25 ಯೂನಿಟ್ಟಿಗೆ 175 ರೂಪಾಯಿ. ಗಾಡಿ 60 ತಿಂದರೆ ಒಟ್ಟು 210, ಮಿತಿ ಮುರಿಯಿತು, 1,470 ರೂಪಾಯಿ, ಮೇಲೆ ನಿಗದಿತ ಶುಲ್ಕ. 40ರಿಂದ 60ಕ್ಕೆ ಹೋದ ಆ 20 ಯೂನಿಟ್ಟಿನ ಬೆಲೆ 1,300 ರೂಪಾಯಿ ಚಿಲ್ಲರೆ.

ಮಳೆಗಾಲದಲ್ಲಿ ಗೀಸರ್ ಬಳಕೆಯೂ ಹೆಚ್ಚುತ್ತದೆ ಎಂಬುದನ್ನು ಮರೆಯಬೇಡಿ. ರೀಡಿಂಗ್ ತೆಗೆದು ಇಪ್ಪತ್ತು ದಿನವಾದ ಮೇಲೆ ಒಮ್ಮೆ ಮೀಟರ್ ನೋಡಿ. 140 ದಾಟಿದ್ದರೆ ಉಳಿದ ಹತ್ತು ದಿನ ಡಿಹ್ಯುಮಿಡಿಫೈಯರ್ ಹೊತ್ತು ಕಡಿಮೆ ಮಾಡಿ. ಹತ್ತು ದಿನಕ್ಕೆ ಬೂಸ್ಟು ಗಾಡಿಯನ್ನೇನೂ ನುಂಗಿಬಿಡುವುದಿಲ್ಲ.

ತೋಟದ ಪಂಪ್‌ಸೆಟ್ ಲೈನಿನಿಂದ ಎಳೆದುಕೊಂಡರೆ?

ಬೇಡ. ನೀರಾವರಿಗೆ ಕೊಟ್ಟ ಕರೆಂಟನ್ನು ಬೇರೆ ಕೆಲಸಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡು ಪಟ್ಟು ಹಾಕುತ್ತಾರೆ. ಅದು ಬಿಟ್ಟರೂ ತಾಂತ್ರಿಕವಾಗಿ ಆ ಲೈನ್ ಚಾರ್ಜರಿಗೆ ಹೇಳಿಸಿದ್ದಲ್ಲ. ಹೊತ್ತು ಗೊತ್ತಿಲ್ಲದೆ ಬರುತ್ತದೆ, ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ.

ಗಾಡಿಯನ್ನು ಬಾಡಿಗೆಗೆ ಬಿಡುವವರು, ಹೋಂಸ್ಟೇ ಅಂಗಳದಲ್ಲಿ ಕೋಣೆಯಂತೆ ಕೊಡುವವರು ಗೃಹಬಳಕೆ ಮೀಟರಿನಿಂದ ಕೊಡುವ ಮೊದಲು ಮೆಸ್ಕಾಂನಲ್ಲಿ ಕೇಳಿಕೊಳ್ಳಿ. ದರದ ವರ್ಗ ತಪ್ಪಿದರೆ ಸೆಕ್ಷನ್ ಅದೇ.

ಸದಾ ಪ್ಲಗ್ ಹಾಕಿಡುವುದೋ, ಆಗಾಗ ಚಾರ್ಜ್ ಮಾಡುವುದೋ?

ಮಲೆನಾಡಿನ ಮಳೆಗಾಲಕ್ಕೆ ಎರಡನೆಯದೇ ಮೇಲು ಎನ್ನುತ್ತೇವೆ. ಯೂನಿಟ್ ಉಳಿಯುತ್ತದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ.

ಸ್ಮಾರ್ಟ್ ಚಾರ್ಜರ್ ಮೊದಲು 14.4 ವೋಲ್ಟಿನ ತನಕ ಏರಿಸಿ ತುಂಬುತ್ತದೆ, ಕೆಲವು ಹೊತ್ತು ಅಲ್ಲೇ ಹಿಡಿಯುತ್ತದೆ, ಆಮೇಲೆ 13.5ರ ಆಸುಪಾಸಿಗೆ ಇಳಿದು ಫ್ಲೋಟ್ ಆಗುತ್ತದೆ. ಕರೆಂಟ್ ಹೋಗಿ ಬಂದರೆ ಅನೇಕ ಚಾರ್ಜರುಗಳು ಹಿಂದಿನದನ್ನು ಮರೆತು ಮತ್ತೆ 14.4ರಿಂದ ಶುರುಮಾಡುತ್ತವೆ. ಗಾಳಿ ಬೀಸಿ ಕೊಂಬೆ ತಾಗಿ ದಿನಕ್ಕೆ ಎಂಟು ಹತ್ತು ಸಲ ಕರೆಂಟ್ ಹೋಗಿ ಬರುವ ಆರಿದ್ರಾ, ಪುನರ್ವಸು ಮಳೆಯಲ್ಲಿ ತುಂಬಿದ ಬ್ಯಾಟರಿಯನ್ನು ಎಂಟು ಹತ್ತು ಸಲ ಕುದಿಸಿದ ಹಾಗಾಯಿತು. ನೀರು ಆರುತ್ತದೆ, ಪ್ಲೇಟ್ ಮೇಲೆದ್ದು ಒಣಗುತ್ತದೆ, ಸೆಪ್ಟೆಂಬರಿನಲ್ಲಿ ಮುಚ್ಚಳ ತೆಗೆದವರಿಗೆ ಬ್ಯಾಟರಿ ಹಳೆಯದಾಗಿತ್ತೇನೋ ಎನಿಸುತ್ತದೆ. ಅದು ಹಳೆಯದಾದದ್ದು ಆ ಮೂರು ತಿಂಗಳಲ್ಲೇ.

ಹೀಗೆ ಮಾಡಿ: ಬ್ಯಾಟರಿ ಪೂರ್ತಿ ತುಂಬಿಸಿ, ನೆಗೆಟಿವ್ ಕಡೆಯ ಕಟ್-ಆಫ್ ಸ್ವಿಚ್ ಆರಿಸಿ. ಹದಿನೈದು ದಿನಕ್ಕೊಮ್ಮೆ ಮಲ್ಟಿಮೀಟರ್ ಹಿಡಿಯಿರಿ. 12.7 ಎಂದರೆ ಪೂರ್ತಿ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12.4ಕ್ಕೆ ಬಂದರೆ ಎಂಟು ಹತ್ತು ಗಂಟೆ ಚಾರ್ಜ್ ಕೊಡಿ. ಅದಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ಟರೆ ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಚಾರ್ಜ್ ನಿಲ್ಲಿಸಿದ ತಕ್ಷಣದ ವೋಲ್ಟೇಜ್ ನಂಬಬೇಡಿ, ನಾಲ್ಕೈದು ಗಂಟೆ ಬಿಟ್ಟು ನೋಡಿ.

ಗಾಡಿ ಊರಿನಲ್ಲಿ, ನೀವು ಬೆಂಗಳೂರಿನಲ್ಲಿ ಇದ್ದರೆ ವಾರಕ್ಕೊಮ್ಮೆ ನಾಲ್ಕು ಗಂಟೆ ಆನ್ ಆಗುವ ಟೈಮರ್ ಹಾಕಿ. ಬ್ಯಾಟರಿ ಬ್ಯಾಕಪ್ ಇರುವ ಡಿಜಿಟಲ್ ಟೈಮರ್ ಬೇಕು. ಅದಿಲ್ಲದ್ದು ಕರೆಂಟ್ ಹೋದಾಗಲೆಲ್ಲ ದಿನ ಮರೆಯುತ್ತದೆ.

ಚಾರ್ಜರ್ ಎಷ್ಟು ದಿನವಾದರೂ 60-80 ವ್ಯಾಟ್ ಎಳೆಯುತ್ತಲೇ ಇದೆ. ಏಕೆ?

ಬ್ಯಾಟರಿಯ ಒಂದು ಸೆಲ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಫ್ಲೋಟಿಗೆ ಇಳಿಯಬೇಕಾದ ವೋಲ್ಟೇಜ್ ಮುಟ್ಟುವುದೇ ಇಲ್ಲ, ಚಾರ್ಜರ್ ತಳ್ಳುತ್ತಲೇ ಇರುತ್ತದೆ. ಬ್ಯಾಟರಿ ಮೈ ಬಿಸಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿ ಆಡಲು ಬಿಡಿ, ಒಳಗೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಬಿಡುವ ಅನಿಲದಲ್ಲಿ ಹೈಡ್ರೋಜನ್ ಇರುತ್ತದೆ, ಕಿಡಿ ಸಾಕು. ಎರಡು ಬ್ಯಾಟರಿ ಜೋಡಿಸಿದ್ದರೆ ಬಿಡಿಸಿ ಬೇರೆ ಬೇರೆಯಾಗಿ ನೋಡಬೇಕು. ಕೆಟ್ಟದ್ದು ಒಳ್ಳೆಯದನ್ನೂ ಎಳೆದುಕೊಂಡು ಹೋಗುತ್ತದೆ.

ನಮ್ಮದು ಲಿಥಿಯಂ ಬ್ಯಾಟರಿ.

ಹಾಗಾದರೆ ಪ್ಲಗ್ ಬೇಡ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇ. 50-60ರಲ್ಲಿ ನಿಲ್ಲಿಸಿ, ಕಟ್-ಆಫ್ ಮಾಡಿ, ಸೆಪ್ಟೆಂಬರ್ ತನಕ ಮರೆತುಬಿಡಬಹುದು. ಸದಾ ಶೇ. 100ರಲ್ಲಿ ಹಿಡಿದಿಡುವುದೇ ಅದಕ್ಕೆ ಹಾನಿ.

ಮನೆಭಾಗದ ಬ್ಯಾಟರಿ ಸರಿ ಇತ್ತು, ಆದರೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಪ್ಲಗ್ ಹಾಕಿಯೇ ಇತ್ತಲ್ಲ?

ಬಹುತೇಕ ಗಾಡಿಗಳಲ್ಲಿ ಹೊರಗಿನ ಪ್ಲಗ್ಗಿನಿಂದ ಚಾರ್ಜ್ ಆಗುವುದು ಒಳಮನೆಯ ಬ್ಯಾಟರಿ ಮಾತ್ರ. ಎಂಜಿನ್ ಬ್ಯಾಟರಿ ಬೇರೆ. ಎಂಜಿನ್ ಕಂಪ್ಯೂಟರ್, ಸೆಂಟ್ರಲ್ ಲಾಕ್, ಜಿಪಿಎಸ್ ಟ್ರ್ಯಾಕರ್ ಸೇರಿ 30 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 0.72 ಆಂಪಿಯರ್-ಅವರ್, 70ರ ಬ್ಯಾಟರಿ ಐವತ್ತು ದಿನದೊಳಗೆ ಅರ್ಧಕ್ಕಿಂತ ಕೆಳಗೆ. ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ. ಟ್ರ್ಯಾಕರ್ ಬೇಕೇ ಬೇಕು ಎನ್ನುವವರು ಆ ಬ್ಯಾಟರಿಗೆ ಪ್ರತ್ಯೇಕವಾಗಿ ಒಂದು ಸಣ್ಣ 1-2 ಆಂಪಿಯರ್ ಮೆಂಟೇನರ್ ಚಾರ್ಜರ್ ಕೊಡಬೇಕು.

ಒಳಗೆಲ್ಲ ಬೂಸ್ಟು ಹಿಡಿಯುತ್ತದೆ. ಡಿಹ್ಯುಮಿಡಿಫೈಯರ್ ಹಾಕಿದರೆ ಎಷ್ಟು ಖರ್ಚು?

ಇಡೀ ಲೆಕ್ಕದಲ್ಲಿ ದೊಡ್ಡ ಬಾಬ್ತು ಇದು, ಮತ್ತು ಮಾಡಲೇಬೇಕಾದ ಖರ್ಚೂ ಹೌದು. ಆಗುಂಬೆ, ಹುಲಿಕಲ್ ಸುತ್ತ ಜುಲೈಯಲ್ಲಿ ಗಾಳಿಯ ತೇವಾಂಶ ದಿನಗಟ್ಟಲೆ ಶೇ. 90ರ ಮೇಲೇ ಇರುತ್ತದೆ. ತೇವಾಂಶ ಶೇ. 70ರ ಮೇಲೆ ನಿಂತಿತೆಂದರೆ ಪ್ಲೈವುಡ್, ಫೋಮು, ರೆಕ್ಸಿನ್ ಎಲ್ಲಕ್ಕೂ ಬೂಸ್ಟು ಖಚಿತ. ಒಮ್ಮೆ ಪ್ಲೈ ಉಬ್ಬಿದರೆ ಹತ್ತು ವರ್ಷದ ಕರೆಂಟ್ ಬಿಲ್ಲಿಗಿಂತ ಬಡಗಿಯ ಖರ್ಚು ಜಾಸ್ತಿ.

ಕಂಪ್ರೆಸರ್ ಇರುವ, ದಿನಕ್ಕೆ 10-12 ಲೀಟರಿನ ಯಂತ್ರ 200-250 ವ್ಯಾಟ್ ಎಳೆಯುತ್ತದೆ. ಮೊದಲ ವಾರ ಗಾದಿ, ಪರದೆ, ಮರದೊಳಗಿನ ನೀರೆಲ್ಲ ಹೊರಬರುವಾಗ ದಿನಕ್ಕೆ ನಾಲ್ಕು ಯೂನಿಟ್ಟಿನ ಮೇಲೇ ಹೋಗಬಹುದು. ಆಮೇಲೆ ಶೇ. 60-65ಕ್ಕೆ ಸೆಟ್ ಮಾಡಿದರೆ ದಿನಕ್ಕೆ ಏಳೆಂಟು ಗಂಟೆ ಓಡುತ್ತದೆ. 230 ವ್ಯಾಟ್, 8 ಗಂಟೆ: ದಿನಕ್ಕೆ 1.84 ಯೂನಿಟ್, ತಿಂಗಳಿಗೆ 55, ರೂಪಾಯಿ 386. ಶೇ. 45-50ಕ್ಕೆ ಇಡುವ ಉಮೇದು ಬೇಡ. ಖರ್ಚು ಏರುತ್ತದೆ, ಲಾಭವಿಲ್ಲ.

ಅಂಗೈಯಷ್ಟು ದೊಡ್ಡ, ಸದ್ದಿಲ್ಲದ, ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಯಂತ್ರಗಳನ್ನು ಕಡಿಮೆ ವ್ಯಾಟ್ ಎಂದು ಕೊಳ್ಳುವವರು ಬಹಳ. 60 ವ್ಯಾಟಿನದ್ದು ಹಗಲಿರುಳು ಓಡಿ 1.44 ಯೂನಿಟ್ ತಿಂದು 300 ಮಿ.ಲೀ. ನೀರು ತೆಗೆದರೆ, ಲೀಟರಿಗೆ ಸುಮಾರು 5 ಯೂನಿಟ್ ಆಯಿತು. ಕಂಪ್ರೆಸರಿನದ್ದು ಅರ್ಧದಿಂದ ಒಂದು ಯೂನಿಟ್ಟಿನಲ್ಲಿ ಅದೇ ಕೆಲಸ ಮಾಡುತ್ತದೆ.

ಕೊಳ್ಳುವಾಗ ನೋಡಬೇಕಾದ ಒಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಟಚ್ ಬಟನ್ನಿನ ಯಂತ್ರಗಳಲ್ಲಿ ಹಲವು ಕರೆಂಟ್ ಹೋಗಿ ಬಂದ ಮೇಲೆ ತಾವಾಗಿ ಶುರುವಾಗುವುದಿಲ್ಲ. ನಮ್ಮ ಕಡೆ ಅಂಥದ್ದು ಒಂದು ದಿನ ಓಡಿ ನೂರು ದಿನ ಮಲಗುತ್ತದೆ. ತಿರುಗಿಸುವ ನಾಬ್ ಇರುವುದೋ, ಆಟೋ ರೀಸ್ಟಾರ್ಟ್ ಇರುವುದೋ ನೋಡಿ. ಅಂಗಡಿಯಲ್ಲೇ ಪ್ಲಗ್ ಕಿತ್ತು ಮತ್ತೆ ಹಾಕಿ ಪರೀಕ್ಷಿಸಿ. ನೀರಿನ ತೊಟ್ಟಿ ಎರಡು ಲೀಟರಿನದ್ದಾದರೆ ತುಂಬಿ ನಿಂತುಬಿಡುತ್ತದೆ. ಹಿಂದಿನ ಡ್ರೈನ್ ತೂತಿಗೆ ಪೈಪ್ ಸಿಕ್ಕಿಸಿ ಸಿಂಕಿಗೆ ಬಿಡಿ. ಯಂತ್ರ ಸಿಂಕಿಗಿಂತ ಎತ್ತರದಲ್ಲಿ, ಅಡುಗೆ ಕಟ್ಟೆಯ ಮೇಲೆ ಇರಬೇಕು. ಪೈಪು ಎಲ್ಲೂ ಮೇಲೇಳಬಾರದು.

ಗಾಳಿಕಿಂಡಿ ತೆರೆದಿಟ್ಟು ಇದನ್ನು ಓಡಿಸುವುದು ತೀರ್ಥಹಳ್ಳಿ ತಾಲೂಕನ್ನೇ ಒಣಗಿಸಲು ಹೊರಟಂತೆ. ಚಾವಣಿಯ ವೆಂಟ್, ಕಿಟಕಿ ಎಲ್ಲ ಮುಚ್ಚಿ. ಆದರೆ ನೆಲದಲ್ಲಿರುವ ಗ್ಯಾಸ್ ಕಿಂಡಿಯನ್ನು ಮುಚ್ಚುವ ಮೊದಲು ಸಿಲಿಂಡರ್ ಬಿಚ್ಚಿ ಗಾಡಿಯಿಂದ ಹೊರಗಿಡಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಹೊರಹೋಗುವ ದಾರಿ ಅದೊಂದೇ. ಚಾರ್ಜ್ ಆಗುವ ಆಸಿಡ್ ಬ್ಯಾಟರಿಯ ಪೆಟ್ಟಿಗೆಯ ಗಾಳಿಕೊಳವೆಯನ್ನಂತೂ ಯಾವ ಕಾರಣಕ್ಕೂ ಮುಚ್ಚಬಾರದು.

ಅದರ ಬದಲು ಒಂದು ಬಲ್ಬ್ ಉರಿಸಿಟ್ಟರೆ ಸಾಲದೇ? ಹಿಂದೆ ಬೀರುವಿನಲ್ಲಿ ಹಾಗೆ ಮಾಡುತ್ತಿದ್ದರು.

ಬೀರುವಿಗೆ ಸಾಕು, ಗಾಡಿಗೆ ಸಾಲದು. 22 ಡಿಗ್ರಿಯ ಶೇ. 95 ತೇವದ ಗಾಳಿಯನ್ನು 27 ಡಿಗ್ರಿಗೆ ಏರಿಸಿದರೆ ತೇವಾಂಶ ಶೇ. 70ಕ್ಕೆ ಇಳಿಯುತ್ತದೆ. ಸಣ್ಣ ಬೀರುವಿನಲ್ಲಿ 25 ವ್ಯಾಟಿನ ಹಳೇ ಬಲ್ಬ್ ಈ ಐದು ಡಿಗ್ರಿ ಕೊಡುತ್ತದೆ, ತಿಂಗಳಿಗೆ 18 ಯೂನಿಟ್. ಇಡೀ ಗಾಡಿಯನ್ನು ಐದು ಡಿಗ್ರಿ ಬೆಚ್ಚಗೆ ಇಡಲು 200 ವ್ಯಾಟ್ ಹಗಲಿರುಳು ಬೇಕಾಗಬಹುದು. ಅದು 144 ಯೂನಿಟ್. ಎಲ್‌ಇಡಿ ಬಲ್ಬ್ ಬಿಸಿಯಾಗುವುದಿಲ್ಲ, ಅದನ್ನು ಹಾಕಿ ಪ್ರಯೋಜನವಿಲ್ಲ.

ಖರ್ಚಿಲ್ಲದ ಕೆಲಸಗಳು ಮೊದಲಾಗಲಿ: ಗಾದಿಗಳನ್ನು ಎತ್ತಿ ನಿಲ್ಲಿಸಿ, ಕಪಾಟು, ಡ್ರಾಯರ್ ತೆರೆದಿಡಿ, ಬಟ್ಟೆಬರೆ, ಹೊದಿಕೆ ಮನೆಯೊಳಗೆ ತನ್ನಿ. ಗಾಡಿಗೆ ಟಾರ್ಪಾಲು ಬಿಗಿಯಾಗಿ ಸುತ್ತಬೇಡಿ. ಶೆಡ್ಡಿನ ಮಾಡಿನಿಂದ ಎರಚಲು ಬೀಳದಂತೆ ಪಕ್ಕದಲ್ಲಿ ಕಟ್ಟಿದರೆ ಸಾಕು.

ಫ್ರಿಜ್?

ಆರಿಸಿ, ಒರೆಸಿ, ಬಾಗಿಲಿಗೆ ಬಟ್ಟೆಯ ಉಂಡೆ ಸಿಕ್ಕಿಸಿ ಸಂದು ಬಿಡಿ. ಗ್ಯಾಸಿಗೂ ಕರೆಂಟಿಗೂ ಓಡುವ ಅಬ್ಸಾರ್ಪ್ಷನ್ ಫ್ರಿಜ್ ಖಾಲಿ ಇದ್ದರೂ ದಿನಕ್ಕೆ ಎರಡೂವರೆ ಮೂರು ಯೂನಿಟ್ ತಿನ್ನುತ್ತದೆ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಅರ್ಧ ಯೂನಿಟ್.

ಮನೆಯಿಂದ ಶೆಡ್ಡಿಗೆ 30 ಮೀಟರ್. ಎಂಥ ವೈರ್ ಬೇಕು?

2.5 ಚದರ ಮಿ.ಮೀ.ನ ಮೂರು ಎಳೆಯ ತಾಮ್ರದ ಕೇಬಲ್. ಹೋಗಿ ಬರುವ 60 ಮೀಟರಿಗೆ ರೋಧ 0.44 ಓಮ್, 10 ಆಂಪಿಯರ್ ಎಳೆದರೂ ಇಳಿಯುವುದು ನಾಲ್ಕೂವರೆ ವೋಲ್ಟ್. ಅದೇ 1 ಚದರ ಮಿ.ಮೀ.ನ ಮಾಮೂಲಿ ಎಕ್ಸ್‌ಟೆನ್ಷನ್ ವೈರಿನಲ್ಲಿ 11 ವೋಲ್ಟ್ ಇಳಿದು, 110 ವ್ಯಾಟ್ ವೈರಿನಲ್ಲೇ ಬಿಸಿಯಾಗಿ ಹೋಗುತ್ತದೆ. ಬರೀ ಚಾರ್ಜರಿಗಾದರೆ ಈ ನಷ್ಟ ಲೆಕ್ಕಕ್ಕಿಲ್ಲ. ಆದರೆ ಸುರುಳಿ ಬಿಚ್ಚದ ರೀಲಿನಲ್ಲಿ ಹೀಟರ್, ಎಸಿ ಓಡಿಸಿದವರು ಕರಗಿದ ವೈರ್ ನೋಡಿದ್ದಾರೆ.

ಕೇಬಲ್ಲನ್ನು ಪಿವಿಸಿ ಪೈಪಿನೊಳಗೆ ಒಂದೂವರೆ ಅಡಿ ಆಳದಲ್ಲಿ ಹಾಕಿ. ಅಡಿಕೆ ಮರಕ್ಕೆ ಕಟ್ಟಿ ಎಳೆಯಬೇಡಿ; ಸೋಗೆ ಬಿದ್ದರೆ ಕಿತ್ತು ಬರುತ್ತದೆ. ಸಾಕೆಟ್ ನೀಲಿ ಇಂಡಸ್ಟ್ರಿಯಲ್ ಮಾದರಿಯ, ಮುಚ್ಚಳವಿರುವ 16 ಆಂಪಿಯರಿನದ್ದು ಇರಲಿ. ಗಾಡಿಗೆ ಸೇರುವ ಮುನ್ನ ವೈರ್ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಬೇಕು. ಆಗ ವೈರಿನ ಗುಂಟ ಹರಿದು ಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ ಸೇರುವುದಿಲ್ಲ.

ಇನ್ನೊಂದು ಸಂಗತಿ ನೋಡಿಕೊಳ್ಳಿ: ಶೆಡ್ಡಿನ ಸಾಕೆಟ್ ಮನೆಯ ಇನ್ವರ್ಟರ್ ಲೈನಿಗೆ ಸೇರಿದೆಯೇ? ಸೇರಿದ್ದರೆ ಕರೆಂಟ್ ಹೋದಾಗ ಮನೆಯ ಬ್ಯಾಟರಿ ಗಾಡಿಯ ಬ್ಯಾಟರಿಯನ್ನು ತುಂಬುತ್ತದೆ, ಅಡುಗೆಮನೆಯ ದೀಪ ರಾತ್ರಿ ಎಂಟಕ್ಕೇ ಆರುತ್ತದೆ.

ಗಾಡಿ ಮುಟ್ಟಿದರೆ ಜುಮ್ ಎನ್ನುತ್ತದೆ.

ಪ್ಲಗ್ ಕೀಳಿ, ಅರ್ತಿಂಗ್ ಸರಿಯಾಗುವ ತನಕ ಹಾಕಬೇಡಿ. ಗಾಡಿ ರಬ್ಬರ್ ಟೈರಿನ ಮೇಲೆ ನಿಂತ ತಗಡಿನ ಪೆಟ್ಟಿಗೆ. ಅರ್ತ್ ಇಲ್ಲದಿದ್ದರೆ ಚಾರ್ಜರಿನ ಒಳಗಿನ ಫಿಲ್ಟರಿನಿಂದ ಸೋರುವ ಕರೆಂಟ್ ಮೈಗೆ ಬಂದು ನಿಲ್ಲುತ್ತದೆ. ಅಷ್ಟೇ ಆದರೆ ಜುಮ್. ವೈರೊಂದು ಮೈಗೆ ತಾಗಿದ್ದರೆ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಜೀವಕ್ಕೇ ಕುತ್ತು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಅರ್ತ್ ತೂತಿಗೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ, ಈ ಲೈನಿಗೆಂದೇ, ಕರೆಂಟ್ ಸೋರಿದ ಕೂಡಲೇ ಕಡಿಯುವ, 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ.

ಆರ್‌ಸಿಸಿಬಿ ಹಾಕಿಸಿದ ಮೇಲೆ ಪದೇ ಪದೇ ಟ್ರಿಪ್ ಆಗುತ್ತಿದೆ.

ಗಾಡಿಯೊಳಗಿನ ಎಂಸಿಬಿ ಎಲ್ಲ ಇಳಿಸಿ, ಸಾಧನಗಳ ಪ್ಲಗ್ಗನ್ನೂ ಕಿತ್ತು, ಒಂದೊಂದೇ ಸೇರಿಸುತ್ತ ಬನ್ನಿ. ಎಂಸಿಬಿ ಇಳಿಸಿದರೂ ನ್ಯೂಟ್ರಲ್ ಸೇರಿಯೇ ಇರುವುದರಿಂದ ಪ್ಲಗ್ ಕೀಳುವುದು ಮುಖ್ಯ. ಯಾವುದೂ ಇಲ್ಲದೆ ಟ್ರಿಪ್ ಆದರೆ ಸಾಕೆಟ್ಟಿನಲ್ಲಿ ನೀರು, ಅಥವಾ ಇಲಿ ಕಡಿದ ಕೇಬಲ್. ಗೀಸರ್ ಇಲ್ಲವೇ ಫ್ರಿಜ್ ಸೇರಿಸಿದಾಗ ಮಾತ್ರ ಆದರೆ ಹೀಟಿಂಗ್ ಎಲಿಮೆಂಟ್. ಅದರೊಳಗಿನ ಬಿಳಿ ಪುಡಿ ತಿಂಗಳುಗಟ್ಟಲೆ ಬಳಸದಿದ್ದಾಗ ಥಂಡಿ ಹೀರಿ ಕರೆಂಟ್ ಸೋರಿಸುತ್ತದೆ. ಬಿಚ್ಚಿ ಒಣಗಿಸಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ನೋಡಬೇಕು. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಕೊಡುತ್ತೇನೆ ಎನ್ನುವವರನ್ನು ಮನೆಗೆ ಕಳಿಸಿ.

ವೋಲ್ಟೇಜ್ ಡಿಮ್ ಇದ್ದರೆ ಯೂನಿಟ್ ಜಾಸ್ತಿಯಾಗುತ್ತದೆಯೇ? ಸ್ಟೆಬಿಲೈಜರ್ ಬೇಕೇ?

ಸ್ಮಾರ್ಟ್ ಚಾರ್ಜರ್ ಮಟ್ಟಿಗೆ ಇಲ್ಲ; ವೋಲ್ಟ್ ಇಳಿದರೆ ಆಂಪಿಯರ್ ಏರುತ್ತದೆ, ವ್ಯಾಟ್ ಅಷ್ಟೇ. ತೊಂದರೆ ಕಂಪ್ರೆಸರಿಗೆ. 170ರ ಕೆಳಗೆ ಅದು ತಿರುಗಲಾರದೆ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಸ್ಟೆಬಿಲೈಜರ್ ತಾನೇ ತಿಂಗಳಿಗೆ 7ರಿಂದ 14 ಯೂನಿಟ್ ತಿನ್ನುವುದರಿಂದ ಬರೀ ಚಾರ್ಜರಿಗಾಗಿ ಅದನ್ನು ಇಡುವುದು ದಂಡ. ಅದಕ್ಕಿಂತ 170ರ ಕೆಳಗೆ, 270ರ ಮೇಲೆ ತಾನೇ ಕಡಿದು, ಮೂರು ನಿಮಿಷ ಬಿಟ್ಟು ಸೇರಿಸುವ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ. ಮರ ಬಿದ್ದು ನ್ಯೂಟ್ರಲ್ ತುಂಡಾದರೆ ಮನೆಗೆ 300 ವೋಲ್ಟಿನ ಮೇಲೆ ಬರಬಹುದು. ಆಗ ಗಾಡಿಯನ್ನು ಉಳಿಸುವುದು ಇದೇ.

ಸಿಡಿಲು?

ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಗುಡುಗು ಮಳೆಗೆ ಪ್ಲಗ್ ಕಿತ್ತಿಡುವುದೊಂದೇ ಖಾತ್ರಿಯ ಉಪಾಯ. ಸ್ವಿಚ್ ಆರಿಸಿದರೆ ಸಾಲದು, ವೈರ್ ಸಾಕೆಟ್ಟಿನಿಂದ ಹೊರಗೆ ಬರಬೇಕು. ಗುಡುಗು ಶುರುವಾಗುವ ಮುಂಚೆ ಕೀಳಿ, ಶುರುವಾದ ಮೇಲೆ ಶೆಡ್ಡಿಗೆ ಓಡಬೇಡಿ. ಮೀಟರ್ ಬೋರ್ಡಿನಲ್ಲಿ, ದಿಢೀರ್ ಏರಿದ ವೋಲ್ಟನ್ನು ಅರ್ತಿಗೆ ಹಾಯಿಸುವ ಸರ್ಜ್ ಅರೆಸ್ಟರ್ ಹಾಕಿಸಿದರೆ ಒಳ್ಳೆಯದೇ. ಆದರೆ ಅರ್ತಿಂಗ್ ಸರಿ ಇಲ್ಲದ ಮನೆಯಲ್ಲಿ ಅದು ಬರೀ ಅಲಂಕಾರ.

ಸೋಲಾರ್ ಹಾಕಿಸಿದರೆ ಪ್ಲಗ್ ಗೋಜೇ ಇಲ್ಲವಲ್ಲ?

ಗಾಡಿಯ ತಲೆ ಮೇಲಿನ ಪ್ಯಾನೆಲ್ ಶೆಡ್ಡಿನೊಳಗೆ ಕೆಲಸಕ್ಕೆ ಬಾರದು. ಶೆಡ್ಡಿನ ಮಾಡಿನ ಮೇಲೆ 50 ವ್ಯಾಟಿನ ಒಂದು ಪ್ಯಾನೆಲ್, ಸಣ್ಣ ಚಾರ್ಜ್ ಕಂಟ್ರೋಲರ್ ಹಾಕಿದರೆ ಮೋಡದ ದಿನಗಳಲ್ಲೂ ಬ್ಯಾಟರಿಯ ಇಳಿತವನ್ನು ತುಂಬುವಷ್ಟು ಸಿಗುತ್ತದೆ. ಕರೆಂಟ್ ಹೋಗಿ ಬರುವ ಕಾಟವೂ ಇಲ್ಲ. ಡಿಹ್ಯುಮಿಡಿಫೈಯರ್ ಓಡಿಸುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ.

ಮಳೆ ಬಿಟ್ಟ ಮೇಲೆ ಮೊದಲ ಸಲ ಆನ್ ಮಾಡುವಾಗ ಏನು ನೋಡಬೇಕು?

ಟಾರ್ಚ್ ಹಿಡಿದು ಬ್ಯಾಟರಿ ಪೆಟ್ಟಿಗೆ, ಚಾರ್ಜರಿನ ಗಾಳಿಕಿಂಡಿ, ಫ್ರಿಜ್ಜಿನ ಹಿಂಭಾಗ ನೋಡಿ. ಬೆಚ್ಚಗಿನ ಚಾರ್ಜರ್ ಇಲಿಗೂ ಇರುವೆಗೂ ಇಷ್ಟದ ಜಾಗ; ಗೂಡಿನ ಹುಲ್ಲು, ಕಡಿದ ವೈರ್ ಸಿಗುವುದು ಅಲ್ಲೇ. ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ, ಇಲಿಯ ಹಿಂದೆ ಹಾವೂ ಬಂದಿರಬಹುದು. ಬ್ಯಾಟರಿ ನೀರು ಪ್ಲೇಟಿಗಿಂತ ಕೆಳಗಿದ್ದರೆ ಪ್ಲೇಟ್ ಮುಚ್ಚುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮುಗಿದ ಮೇಲೆ ಗುರುತಿನ ತನಕ ತುಂಬಿ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಚೆಲ್ಲುತ್ತದೆ. ಟರ್ಮಿನಲ್ಲಿನ ಹಸಿರು ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒಣಗಿಸಿ, ವ್ಯಾಸಲಿನ್ ಸವರಿ. ಎಂಸಿಬಿಗಳನ್ನು ಒಂದೊಂದಾಗಿ ಏರಿಸಿ, ಗೀಸರನ್ನು ಕೊನೆಗೆ, ಟ್ಯಾಂಕಿಗೆ ನೀರು ತುಂಬಿದೆ ಎಂದು ಖಚಿತವಾದ ಮೇಲೆಯೇ ಹಾಕಿ.